ಸೊಂಟದ ಕೀಲು ಬದಲಾವಣೆ: ಅಮ್ಮನಿಗೆ ಪೆಂಗ್ ಬ್ಲಾಕೋ, ಫ್ಯಾಸಿಯಾ ಇಲಿಯಾಕಾ ಬ್ಲಾಕೋ?

ತೀರ್ಥಹಳ್ಳಿ ಕಡೆಯ ನಿಮ್ಮ ಅಮ್ಮನಿಗೆ 70 ವರ್ಷ, ತೂಕ 45 ಕೆಜಿ. ಶಿವಮೊಗ್ಗದಲ್ಲಿ ಸೊಂಟದ ಕೀಲು ಬದಲಿಸುತ್ತಾರೆ. ಆಪರೇಷನ್ ಆದಮೇಲಿನ ನೋವಿಗೆ ಬ್ಲಾಕ್, ಅಂದರೆ ನರ ಮರಗಟ್ಟಿಸುವ ಇಂಜೆಕ್ಷನ್, ಕೊಡುತ್ತಾರೆ. ಒಬ್ಬರು ಪೆಂಗ್ ಬ್ಲಾಕ್ ಅಂದರು, ಇನ್ನೊಬ್ಬರು ಫ್ಯಾಸಿಯಾ ಇಲಿಯಾಕಾ ಅಂದರು, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಅರಿವಳಿಕೆ ವೈದ್ಯನಾಗಿ ಹೇಳುವುದಾದರೆ ಎರಡೂ ನಡೆಯುತ್ತವೆ. ಅಷ್ಟು ಹಗುರ ಮೈಯವರಲ್ಲಿ ನಾನು ಮೊದಲು ನೋಡುವುದು ಔಷಧಿಯ ಲೆಕ್ಕ, ಆಮೇಲೆ ಮೊದಲ ರಾತ್ರಿಯ ಮಾತ್ರೆ.

ಸೊಂಟದ ಕೀಲನ್ನು ಸುತ್ತಿದ ಪೊರೆಯಲ್ಲಿ ನೋವು ಹೊರುವ ನರತಂತುಗಳು ಹೆಚ್ಚಾಗಿ ಮುಂಭಾಗದಲ್ಲಿವೆ. ಅವು ತೊಡೆಯ ಮುಂಭಾಗದ ಫೆಮೊರಲ್, ಒಳಭಾಗದ ಆಬ್ಟುರೇಟರ್ ನರಗಳಿಂದ ಬರುವ ಸಣ್ಣ ಕವಲುಗಳು. ಪೆಂಗ್‌ನಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು, ಸೋಆಸ್ ಸ್ನಾಯುವಿನ ಕಂಡರಕ್ಕೂ ಅದರಡಿಯ ಮೂಳೆಗೂ ನಡುವೆ ಸುಮಾರು 20 ಮಿ.ಲೀ. ಔಷಧಿ ಬಿಡುತ್ತಾರೆ. ಕವಲು ಮಾತ್ರ ಮರಗಟ್ಟುತ್ತದೆ, ಫೆಮೊರಲ್ ನರದ ಕಾಂಡ ಉಳಿಯುತ್ತದೆ. ಹಾಗಾಗಿ ತೊಡೆಯ ಬಲ ಬಹುಪಾಲು ಹಾಗೇ ಇರುತ್ತದೆ, ಬೇಗ ಎದ್ದು ನಿಲ್ಲಿಸಬಹುದು. ಆದರೆ ಚರ್ಮಕ್ಕೆ ಇದು ತಲುಪುವುದಿಲ್ಲ, ಹೊಲಿಗೆ ಹಾಕಿದ ಜಾಗ ಉರಿಯುತ್ತದೆ. ಸೂಜಿ ಮೇಲೆಯೇ ನಿಂತರೆ ಅಥವಾ ಔಷಧಿ ಜಾಸ್ತಿಯಾದರೆ ಅದು ಫೆಮೊರಲ್ ನರದವರೆಗೂ ಹರಡಿ, ಆಗಬಾರದಿದ್ದ ದೌರ್ಬಲ್ಯ ಆಗೇ ಬಿಡುತ್ತದೆ.

ಫ್ಯಾಸಿಯಾ ಇಲಿಯಾಕಾದಲ್ಲಿ ಇಲಿಯಾಕಸ್ ಸ್ನಾಯುವಿನ ಮೇಲಿನ ಪೊರೆಯಡಿ 30ರಿಂದ 40 ಮಿ.ಲೀ. ಬಿಡಬೇಕು. ತೊಡೆಸಂದಿಯ ಮೇಲ್ಗಡೆಯಿಂದ ಕೊಟ್ಟರೆ ಹರಡುವಿಕೆ ಹೆಚ್ಚು ನಂಬಿಕಸ್ತ. ತೊಡೆಯ ಹೊರಬದಿಯ ಚರ್ಮವೂ ಜೋಮು ಹಿಡಿಯುತ್ತದೆ, ಅದು ಲಾಭ. ಮಂಡಿ ಸಡಿಲವಾಗುವುದು ನಷ್ಟ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಮೂಳೆ ಮುರಿದುಕೊಂಡು ಬಂದವರಿಗಾದರೆ ನಾನು ಇದನ್ನೇ ಆರಿಸುತ್ತೇನೆ. ಅರ್ಧ ಗಂಟೆ ಮುಂಚೆ ಕೊಟ್ಟರೆ, ಆಪರೇಷನ್ನಿನ ಅರಿವಳಿಕೆಗೆ ಬೆನ್ನಿಗೆ ಇಂಜೆಕ್ಷನ್ ಹಾಕಲು ಮಗ್ಗುಲು ತಿರುಗಿಸುವಾಗ ಅಷ್ಟು ಚೀರುವುದಿಲ್ಲ. ಸವೆದ ಕೀಲಿಗೆ, ಮರುದಿನವೇ ನಡೆಸಬೇಕಾದವರಿಗೆ, ಪೆಂಗ್ ಜೊತೆ ಸರ್ಜನ್ ಗಾಯದ ಅಂಚಿಗೇ ಒಂದಿಷ್ಟು ಔಷಧಿ ತುಂಬುವುದು ಚೆನ್ನ.

ಹಳೆಯ ಫೆಮೊರಲ್ ಬ್ಲಾಕ್ ಈ ಆಪರೇಷನ್‌ಗೆ ಬೇಡ, ಕಾಲೇ ನಿಲ್ಲುವುದಿಲ್ಲ. ಬೆನ್ನ ಕಡೆಯಿಂದ, ಕಾಲಿನ ನರಗಳು ಹೊರಡುವ ಗೊಂಚಲಿಗೇ ಕೊಡುವ ಲಂಬಾರ್ ಪ್ಲೆಕ್ಸಸ್ ಬ್ಲಾಕ್ ಬಲವಾದದ್ದೇ, ಆದರೆ ಆಳದಲ್ಲಿ ರಕ್ತ ಸೋರಿದರೆ ಒತ್ತಿ ಹಿಡಿಯಲು ಆಗದು.

ಈಗ ಲೆಕ್ಕ. ಬ್ಲಾಕ್‌ಗೆ ಬಳಸುವ ಮರಗಟ್ಟಿಸುವ ಔಷಧಿ ಬುಪಿವಕೇನ್ ಕೆಜಿಗೆ 2 ಮಿ.ಗ್ರಾಂ ಮೀರಬಾರದು. 45 ಕೆಜಿಗೆ ಅದು 90 ಮಿ.ಗ್ರಾಂ. 0.25 ಪರ್ಸೆಂಟ್ ಔಷಧಿ 40 ಮಿ.ಲೀ. ಕೊಟ್ಟರೆ 100 ಮಿ.ಗ್ರಾಂ ಆಯಿತು, ಅಲ್ಲಿಗೇ ಗೆರೆ ದಾಟಿತು. ಅದರ ಮೇಲೆ ಸರ್ಜನ್ ಗಾಯಕ್ಕೆ ಬೇರೆ ಹಾಕುತ್ತಾರೆ. ಎಡವುವುದು ಹೆಚ್ಚಾಗಿ ಇಲ್ಲೇ: ಇಬ್ಬರೂ ತಂತಮ್ಮ ಪಾಲು ಸರಿಯಾಗಿಯೇ ಕೊಡುತ್ತಾರೆ, ಕೂಡಿಸುವವರಿಲ್ಲ. ಅದಕ್ಕೇ ಅದೇ ಜಾತಿಯ ಇನ್ನೊಂದು ಔಷಧಿ, 0.2 ಪರ್ಸೆಂಟ್ ರೋಪಿವಕೇನ್ ವಾಸಿ, 30 ಮಿ.ಲೀ.ಗೆ 60 ಮಿ.ಗ್ರಾಂ, ಮಿತಿ ಕೆಜಿಗೆ 3ರಂತೆ 135. ಗಾಯಕ್ಕೂ ಉಳಿಯುತ್ತದೆ. ಔಷಧಿ ರಕ್ತಕ್ಕೆ ಹೆಚ್ಚು ಸೇರಿದರೆ ತುಟಿ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಆಮೇಲೆ ಫಿಟ್ಸ್, ಹೃದಯದ ಬಡಿತ ಏರುಪೇರು. ಅದಕ್ಕೆ ಮದ್ದು 20 ಪರ್ಸೆಂಟ್ ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರವ), ಮೊದಲಿಗೆ ಕೆಜಿಗೆ 1.5 ಮಿ.ಲೀ. ಅದು ಥಿಯೇಟರಿನಲ್ಲೇ ಇದೆಯೇ ಎಂದು ಧಾರಾಳವಾಗಿ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಒಂದು ಸಲ ಕೊಟ್ಟ ಬ್ಲಾಕ್ ಅರ್ಧ ದಿನ, ಹೆಚ್ಚೆಂದರೆ ಇನ್ನೊಂದಿಷ್ಟು ಹೊತ್ತು. ಬೆಳಿಗ್ಗೆ ಆಪರೇಷನ್ ಆದರೆ ನಡುರಾತ್ರಿಯ ಹೊತ್ತಿಗೆ ಜೋಮು ಬಿಟ್ಟು ನೋವು ಒಮ್ಮೆಲೇ ಏಳುತ್ತದೆ. ಆದ್ದರಿಂದ ನೋವಿಲ್ಲದಿದ್ದರೂ ಸಂಜೆಯಿಂದಲೇ ಪ್ಯಾರಾಸಿಟಮಾಲ್ ಶುರುವಾಗಬೇಕು. ಅಮ್ಮನ ತೂಕಕ್ಕೆ 650ರ ಮಾತ್ರೆ, 6 ಗಂಟೆಗೊಮ್ಮೆ. ಕಿಡ್ನಿ, ಹೊಟ್ಟೆ ಸರಿಯಿದ್ದರೆ ಉರಿಯೂತ ತಗ್ಗಿಸುವ ಮಾತ್ರೆಯನ್ನೂ ಡಾಕ್ಟರು ಸೇರಿಸುತ್ತಾರೆ. ಬೆನ್ನಿನ ಇಂಜೆಕ್ಷನ್ನಿಗೆ 100 ಮೈಕ್ರೊಗ್ರಾಂ ಮಾರ್ಫಿನ್ ಬೆರೆಸಿದ್ದರೆ ಮರುದಿನದವರೆಗೂ ನೋವು ತಗ್ಗಿರುತ್ತದೆ. ಬದಲಿಗೆ ತುರಿಕೆ, ವಾಂತಿ, ಮೂತ್ರ ಕಟ್ಟುವುದು. ಅಪರೂಪಕ್ಕೆ ಉಸಿರಾಟ ನಿಧಾನವಾಗುವುದರಿಂದ ರಾತ್ರಿಯಿಡೀ ನಿಗಾ ಬೇಕು.

ಇನ್ನೊಂದು ತೊಡಕು: ನಮ್ಮ ಕಡೆಯ ಹಿರಿಯರನ್ನು ನೋವಿದೆಯೇ ಅಂದರೆ "ಅಡ್ಡಿಲ್ಲ" ಅಂತಾರೆ, ಅಲ್ಲಿಗೆ ನರ್ಸ್ ಮುಂದಿನ ಮಂಚಕ್ಕೆ ಹೋಗಿಬಿಡುತ್ತಾರೆ. ಮಲಗಿದ್ದಾಗ ಕೇಳಬೇಡಿ, ಕಾಲು ಅಲುಗಿಸಿದಾಗ ಹತ್ತಕ್ಕೆ ಎಷ್ಟು ಅಂತ ಕೇಳಿ. ಏಳಿಸುವ ಮುಂಚೆ ಮಂಚದ ಅಂಚಿನಲ್ಲಿ ಕೂರಿಸಿ ಮಂಡಿ ನೆಟ್ಟಗೆ ಚಾಚಿಸಿ. ಚಾಚಲು ಆಗದಿದ್ದರೆ ಬ್ಲಾಕ್ ಇನ್ನೂ ಬಿಟ್ಟಿಲ್ಲ. ಬಾತ್‌ರೂಮಿಗೆ ಅಂತ ಹಟ ಮಾಡಿದರೂ ಬೆಡ್‌ಪ್ಯಾನೇ ಕೊಡಿ.

ಕ್ಲೋಪಿಡೊಗ್ರೆಲ್ ಅಥವಾ ಬೇರೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿಯ ಸಮೇತ ಈಗಲೇ ಅರಿವಳಿಕೆ ತಜ್ಞರಿಗೆ ತೋರಿಸಿ. ಕ್ಲೋಪಿಡೊಗ್ರೆಲ್ ಆದರೆ ಬೆನ್ನಿಗೆ ಸೂಜಿ ಹಾಕುವ 5ರಿಂದ 7 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಅದೂ ಹೃದಯದ ಡಾಕ್ಟರನ್ನು ಕೇಳಿಯೇ.