ಯುದ್ಧ ಮುಗಿಯುತ್ತಿದ್ದಂತೆ ಸೈನಿಕರನ್ನು ಬೆಟ್ಟದಿಂದ ಇಳಿಸಿದರೆ ರೇಷನ್ ಉಳಿಯುತ್ತದೆಯೇ?

ಯುದ್ಧ ಮುಗಿಯುತ್ತ ಬಂದಾಗ, ಹಿಮ ಬೀಳುವ ಮೊದಲೇ ಆದಷ್ಟು ಜನರನ್ನು ಬಿಡುಗಡೆ ಮಾಡಿ ಮನೆಗೆ ಕಳುಹಿಸಿದರೆ ಉಳಿದವರಿಗೆ ಸಾಮಗ್ರಿ ಒದಗಿಸುವುದು ಸುಲಭವಾಗುವುದಿಲ್ಲವೇ ಎಂದು ಕೇಳಿದ್ದೀರಿ. 1999ರ ಆಗಸ್ಟ್‌ನಲ್ಲಿ ನಾನು ಹಾಕಿದ್ದ ಲೆಕ್ಕವೂ ಇದೇ.

ಆಗ ನಾನು ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ ನಾಯಬ್ ಸುಬೇದಾರನಾಗಿದ್ದು, ಲಡಾಖ್‌ನ ದ್ರಾಸ್ ಕಡೆಯ ಒಂದು ಸಪ್ಲೈ ಪಾಯಿಂಟ್ ನನ್ನ ಚಾರ್ಜಿನಲ್ಲಿತ್ತು. ಕಾರ್ಗಿಲ್ ಕಾರ್ಯಾಚರಣೆ ಜುಲೈ 26ಕ್ಕೆ ಮುಗಿದಿತ್ತು. ನನ್ನ ಡಿಸ್ಚಾರ್ಜ್, ಅಂದರೆ ಸೇವೆಯಿಂದ ಬಿಡುಗಡೆ, ಆ ವರ್ಷದ ಕೊನೆಗಿತ್ತು. ಶ್ರೀನಗರದಿಂದ ಬರುವ ರಸ್ತೆ ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಮಾರ್ಗವನ್ನು ದಾಟಬೇಕು. ಆ ದಿನಗಳಲ್ಲಿ ನವೆಂಬರ್ ಸುಮಾರಿಗೆ ಮುಚ್ಚಿದ ಮಾರ್ಗ ತೆರೆಯುತ್ತಿದ್ದುದು ಬೇಸಿಗೆಯ ಬಾಗಿಲಿಗೆ. ಆದ್ದರಿಂದ ಅರ್ಧ ವರ್ಷದ ಹಿಟ್ಟು, ಬೇಳೆ, ಸೀಮೆಎಣ್ಣೆ, ಔಷಧ ಎಲ್ಲವೂ ಅದಕ್ಕೆ ಮೊದಲೇ ಮೇಲೆ ತಲುಪಿರಬೇಕು. ಇದನ್ನೇ ವಿಂಟರ್ ಸ್ಟಾಕಿಂಗ್ ಎನ್ನುತ್ತಾರೆ. ಆ ವರ್ಷ ಮೇ ತಿಂಗಳಿಂದ ಜುಲೈವರೆಗೆ ಲಾರಿಗಳು ಫಿರಂಗಿಗುಂಡುಗಳನ್ನು ಹೊತ್ತು ಹೈರಾಣಾಗಿದ್ದವು. ಉಳಿದದ್ದು ಮಳೆ, ಭೂಕುಸಿತಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಬಹಳ ಸ್ವಲ್ಪ ಕಾಲ.

ನನ್ನ ತಪ್ಪು ಏನೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಡಿಸ್ಚಾರ್ಜ್ ಆಗುವವರು, ರಜೆ ತಡೆಹಿಡಿಯಲ್ಪಟ್ಟಿದ್ದವರು, ವರ್ಗವಾಗಿ ಹೋಗುವವರು ಎಲ್ಲರೂ ಬೇಗ ಇಳಿದರೆ ಅಷ್ಟು ಹೊಟ್ಟೆ ಕಡಿಮೆಯಾಗುತ್ತದೆ ಎಂದುಕೊಂಡು, ಸಾಮಾನು ಇಳಿಸಿ ಹಿಂದಿರುಗುವ ಲಾರಿಗಳಲ್ಲೆಲ್ಲ ಜನರನ್ನು ತುಂಬಿಸಿ ಕಳುಹಿಸಿದೆ. ಆ ಲಾರಿಗಳಲ್ಲಿ ಹೋಗಬೇಕಾಗಿದ್ದುದು ಖಾಲಿ ಜೆರಿಕ್ಯಾನ್‌ಗಳು. ಸೀಮೆಎಣ್ಣೆ ಕೆಳಗಿನ ಡಿಪೋಗೆ ಟ್ಯಾಂಕರಿನಲ್ಲೋ ಬ್ಯಾರಲ್‌ನಲ್ಲೋ ಬರುತ್ತದೆ. ಆದರೆ ರಸ್ತೆ ಮುಗಿದ ಮೇಲೆ ಹೇಸರಗತ್ತೆಯ ಬೆನ್ನಿನಲ್ಲೋ ಪೋರ್ಟರನ ಬೆನ್ನಿನಲ್ಲೋ ಶಿಖರದ ಪೋಸ್ಟಿಗೆ ಏರುವುದು 20 ಲೀಟರಿನ ಕ್ಯಾನಿನಲ್ಲಿ ಮಾತ್ರ. ಕ್ಯಾನ್ ಕೆಳಗೆ ಹೋಗದಿದ್ದರೆ ಎಣ್ಣೆ ಮೇಲೆ ಬರುವುದಿಲ್ಲ. ಖಾಲಿ ಕ್ಯಾನಿಗೆ ಹೆಚ್ಚು ತೂಕವಿಲ್ಲ, ಹಾಗಾಗಿ ಟನ್ನುಗಳಲ್ಲಿ ಬರೆಯುವ ಲೆಕ್ಕದಲ್ಲಿ ಅದು ಏನೂ ಅಲ್ಲವೆಂಬಂತೆ ತೋರುತ್ತದೆ. ಜಾಗವನ್ನು ಮಾತ್ರ ತುಂಬಿದ ಕ್ಯಾನಿನಷ್ಟೇ ಹಿಡಿಯುತ್ತದೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ನನ್ನ ಶೆಡ್ಡಿನ ಹಿಂದೆ ಖಾಲಿ ಕ್ಯಾನುಗಳ ರಾಶಿ, ಕೆಳಗಿನ ಡಿಪೋದಲ್ಲಿ ತುಂಬಲು ಪಾತ್ರೆಯಿಲ್ಲದ ಎಣ್ಣೆ. ಅಕ್ಕಿ ಕಡಿಮೆಯಾದರೆ ಹೇಗೋ ಸುಧಾರಿಸಬಹುದು. ಬುಖಾರಿ ಎಂಬ ಸೀಮೆಎಣ್ಣೆ ಒಲೆ ಉರಿಯದಿದ್ದರೆ ಆ ಎತ್ತರದಲ್ಲಿ ಅಡುಗೆಯೂ ಇಲ್ಲ, ಹಿಮ ಕರಗಿಸಿ ಕುಡಿಯಲು ನೀರೂ ಇಲ್ಲ.

ಇನ್ನು ಹೊಟ್ಟೆಯ ಲೆಕ್ಕವೂ ಸುಳ್ಳಾಯಿತು. ಹೊಸಬ ಬಂದು ಹವೆಗೆ ಒಗ್ಗಿದ ನಂತರವೇ ಹಳಬ ಪೋಸ್ಟ್ ಬಿಡಬೇಕು. 9,000 ಅಡಿಯಿಂದ ಹಂತಹಂತವಾಗಿ ಒಗ್ಗಿಸುತ್ತ 15,000 ಅಡಿಗಿಂತ ಮೇಲೆ ಕಳುಹಿಸಲು ಎರಡು ವಾರ ಬೇಕು. ಅಷ್ಟೂ ದಿನ ಇಬ್ಬರೂ ಉಣ್ಣುತ್ತಾರೆ. ಹಳಬ ಮರಳಿಸಿದ ಚಳಿಕೋಟು, ಹಿಮದ ಬೂಟು, ಮಲಗುವ ಚೀಲಗಳೇ ಹೊಸಬನಿಗೆ ಸಿಗಬೇಕಾಗಿದ್ದ ಆ ವರ್ಷ, ಯಾರದೋ ಒಂದು ಜೊತೆ ಬೂಟು ಕಾಣೆಯಾದರೆ ಅವನ ಕ್ಲಿಯರೆನ್ಸ್ ನಿಲ್ಲುತ್ತಿತ್ತು, ಅವನು ಟ್ರಾನ್ಸಿಟ್ ಕ್ಯಾಂಪಿನಲ್ಲಿ ಉಳಿಯುತ್ತಿದ್ದ, ಅವನ ಊಟ ಮತ್ತೆ ನಮ್ಮ ತಲೆಗೇ ಬರುತ್ತಿತ್ತು. ನಮ್ಮ ಕೊಡಗಿನ ಮನೆಗಳಲ್ಲಿ ಮಳೆಗಾಲಕ್ಕೆ ಸೌದೆ ಒಟ್ಟುವ ವಾರದಲ್ಲೇ ಮದುವೆ ಇಟ್ಟುಕೊಂಡ ಹಾಗೆ ಆಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಮ್ಮ ಸೈನ್ಯದಲ್ಲಿ ಯುದ್ಧ ಮುಗಿಯಿತೆಂದು ಯಾರನ್ನೂ ಮನೆಗೆ ಕಳುಹಿಸುವುದಿಲ್ಲ. ಸೇವಾವಧಿ ಮುಗಿದವನು ಹೋಗುತ್ತಾನೆ, ಅಷ್ಟೇ. ನೀವು ಹೇಳುವಂತಹ ಸಾಮೂಹಿಕ ಬಿಡುಗಡೆ ನಡೆದದ್ದು ಎರಡನೆಯ ಮಹಾಯುದ್ಧದ ನಂತರ, 1945ರಲ್ಲಿ ಸುಮಾರು 25 ಲಕ್ಷ ಜನರಿದ್ದ ಭಾರತೀಯ ಸೈನ್ಯವನ್ನು ಕುಗ್ಗಿಸುವಾಗ. 1999ರಲ್ಲಂತೂ ಮೊದಲಿನ ಚಳಿಗಾಲಗಳಲ್ಲಿ ಖಾಲಿ ಬಿಡುತ್ತಿದ್ದ ಪೋಸ್ಟ್‌ಗಳನ್ನೂ ಹಿಡಿದು ಕೂರಬೇಕೆಂದು ತೀರ್ಮಾನವಾಗಿತ್ತು, ಸೆಪ್ಟೆಂಬರ್‌ನಲ್ಲಿ ಲೇಹ್‌ನಲ್ಲಿ 14ನೇ ಕೋರ್ ಎಂಬ ಹೊಸ ದೊಡ್ಡ ಸೇನಾ ವಿಭಾಗವೇ ಸ್ಥಾಪನೆಯಾಯಿತು. ಇಳಿಯುವವರಿಗಿಂತ ಏರುವವರೇ ಹೆಚ್ಚು.

ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರ ಉದಾಹರಣೆ ಯಾರಾದರೂ ಕೊಟ್ಟೇ ಕೊಡುತ್ತಾರೆ, ನಾನೇ ಹೇಳಿಬಿಡುತ್ತೇನೆ. 1948ರ ನವೆಂಬರ್ 1ರಂದು ಅವರು ಸ್ಟುವರ್ಟ್ ಟ್ಯಾಂಕುಗಳೊಡನೆ ಜೋಜಿಲಾ ದಾಟಿದರು, ಅದೇ ತಿಂಗಳ 24ಕ್ಕೆ ಕಾರ್ಗಿಲ್ ಕೈಸೇರಿತು, ಕದನವಿರಾಮ ಬಂದದ್ದು 1949ರ ಜನವರಿ 1ಕ್ಕೆ. ಎಲ್ಲರೂ ಟ್ಯಾಂಕಿನ ಕಥೆ ಹೇಳುತ್ತಾರೆ. ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಆ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟದ್ದನ್ನು ಹೇಳುವವರು ಕಡಿಮೆ. ಅಲ್ಲಿಯೂ ಅವಸರವಿದ್ದದ್ದು ಲೇಹ್‌ಗೆ ನೆಲದ ಸಂಪರ್ಕ ಒದಗಿಸುವುದಕ್ಕೆ, ಜನರನ್ನು ಇಳಿಸುವುದಕ್ಕಲ್ಲ.

ನನಗಾದ ನಷ್ಟವೆಂದರೆ, ಕ್ಯಾನುಗಳು ಸರಿಹೋಗುವವರೆಗೆ ಚಾರ್ಜ್ ಒಪ್ಪಿಸಲಾಗಲಿಲ್ಲ. ಡಿಸ್ಚಾರ್ಜಿಗೆ ಮೊದಲು ಸಿಗಬೇಕಾಗಿದ್ದ ರಜೆ ಹೋಯಿತು, ರಸ್ತೆ ಮುಚ್ಚಿತು, ಲೇಹ್‌ನಲ್ಲಿ ವಿಮಾನಕ್ಕೆ ಕಾಯ್ದು ಶನಿವಾರಸಂತೆಯ ಹತ್ತಿರದ ನಮ್ಮ ಮನೆ ಸೇರುವಷ್ಟರಲ್ಲಿ ಅರೇಬಿಕಾ ಕಾಫಿಯ ಕುಯ್ಲು ಬೇರೆಯವರ ಕೈಯಲ್ಲಿ ಮುಗಿದಿತ್ತು, ನೆಲಕ್ಕುದುರಿದ ಹಣ್ಣಿನ ಲೆಕ್ಕ ಕೇಳುವ ಹಾಗಿರಲಿಲ್ಲ.

ನನ್ನನ್ನು ಕೇಳಿದರೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಇಳಿಯುವ ಲಾರಿಯ ಮೊದಲ ಹಕ್ಕು ಖಾಲಿ ಪಾತ್ರೆಗಳಿಗೆ ಇರಬೇಕು. ಗಾಯಾಳುಗಳನ್ನು ಬಿಟ್ಟರೆ ಉಳಿದವರೆಲ್ಲ ಅವುಗಳ ನಂತರ. ಡಿಸ್ಚಾರ್ಜ್ ಹತ್ತಿರವಿರುವವರನ್ನು ಜೂನ್‌ನಲ್ಲಿಯೇ ಇಳಿಸಬೇಕು, ಯುದ್ಧದಿಂದಾಗಿ ಅದು ಆಗದಿದ್ದರೆ ಮಾರ್ಗ ಮುಚ್ಚಿದ ಮೇಲೆ ಲೇಹ್‌ನಿಂದ ಹಿಂದಿರುಗುವ ವಿಮಾನಗಳಲ್ಲಿ ಕಳುಹಿಸಬೇಕು. ಹೇಗೂ ಚಳಿಗಾಲದಲ್ಲಿ ಸಾಮಾನು ತರುವ ಆ ವಿಮಾನಗಳು ಮರಳುವಾಗ ಆ ಸಾಮಾನಿನ ಭಾರವಿಲ್ಲದೆಯೇ ಹಾರುತ್ತವೆ.