15ನೇ ಅಧ್ಯಾಯ ಮುಗಿದ ಮೇಲೆ

ಪ್ರಿಯ ಓದುಗರೇ,

ನಿಮ್ಮ ಮೂರು ಪುಟದ ಪತ್ರ ತಲುಪಿತು. ಚಿಕ್ಕಂದಿನಲ್ಲಿ ನನಗೆ ಇಷ್ಟವಾದ ಪುಸ್ತಕ ಯಾವುದು, ಈಗ ಏನು ಓದುತ್ತಿದ್ದೇನೆ ಅಂತ ಕೇಳಿದ್ದೀರಿ. ಜೊತೆಗೆ ‘ಪಟ್ಟಿ ಮಾತ್ರ ಕೊಡಬೇಡಿ’ ಅಂತ ಮೊದಲೇ ಬಾಯಿ ಕಟ್ಟಿದ್ದೀರಿ. ಕೊನೆಯಲ್ಲಿ ಇನ್ನೊಂದು ಮಾತು: ನೀವು ಬಾಲ್ಯದಲ್ಲಿ ಮೆಚ್ಚಿದ ಪುಸ್ತಕ ಮತ್ತೆ ಕೈಗೆ ಸಿಕ್ಕಿದೆ, ಆದರೆ ಹಳೆಯ ರುಚಿ ಎಲ್ಲಿ ಕೆಡುತ್ತದೋ ಅಂತ ಹೆದರಿ ತೆರೆದೇ ಇಲ್ಲ.

ನನ್ನ ಪುಣ್ಯ, ಎರಡು ಪ್ರಶ್ನೆಗೂ ಉತ್ತರ ಒಂದೇ. ಪಿನೋಕಿಯೊ, ಜೀವ ಬಂದ ಮರದ ಬೊಂಬೆ ಹುಡುಗನ ಕಥೆ.

ನನ್ನ ಹತ್ತಿರ ಇದ್ದದ್ದು ಮಕ್ಕಳಿಗಾಗಿ ಕಿರಿದು ಮಾಡಿದ ತೆಳ್ಳನೆಯ ಪುಸ್ತಕ. ಸುಳ್ಳು ಹೇಳಿ ಮೂಗು ಬೆಳೆಯುವ ಚಿತ್ರವಿತ್ತಲ್ಲ, ಆ ಮೂಗು ನನಗೆ ಸಾಲಲಿಲ್ಲ. ಪೆನ್ಸಿಲ್ ಹಿಡಿದು ಇನ್ನಷ್ಟು ಎಳೆದೆ. ಅದು ಅಂಚು ದಾಟಿ ಎದುರಿನ ಪುಟದ ಸಾಲುಗಳ ಮೇಲೂ ಹೋಯಿತು. ಆಮೇಲೆ ಆ ಸಾಲುಗಳನ್ನು ಓದಲು ಆಗುತ್ತಿರಲಿಲ್ಲ. ಬಾಯಿಪಾಠವಾಗಿದ್ದರಿಂದ ತೊಂದರೆಯೇನೂ ಆಗಲಿಲ್ಲ.

ಈಗ ಓದುತ್ತಿರುವುದು ಪೂರ್ತಿ ಪುಸ್ತಕ, 36 ಅಧ್ಯಾಯ. ನನಗೆ ಗೊತ್ತಿದ್ದ ಕಥೆ ಅದರ ಸಿಪ್ಪೆ ಮಾತ್ರ ಅಂತ ಈಗ ತಿಳಿಯಿತು. ಮೂಗು ಮೊದಲು ಬೆಳೆಯುವುದು ಸುಳ್ಳಿಗಲ್ಲ. ಗೆಪೆಟ್ಟೊ ಎಂಬ ಮುದುಕ ಮರದಲ್ಲಿ ಬೊಂಬೆಯನ್ನು ಕೆತ್ತುತ್ತಿರುವಾಗಲೇ, ಕತ್ತರಿಸಿದಷ್ಟೂ ಉದ್ದವಾಗುತ್ತದೆ. ಬುದ್ಧಿ ಹೇಳಲು ಬಂದ ಜೀರುಂಡೆಗೆ ಈ ಹುಡುಗ ಸುತ್ತಿಗೆ ಎಸೆದು ಕೊಂದೇ ಬಿಡುತ್ತಾನೆ! ಕೊನೆಗೆ ನುಂಗುವುದು ತಿಮಿಂಗಿಲವಲ್ಲ, ದೊಡ್ಡ ಶಾರ್ಕ್. ತಿಮಿಂಗಿಲ 1940ರ ಸಿನಿಮಾದಿಂದ ನಮ್ಮ ತಲೆಗೆ ಹೊಕ್ಕಿದ್ದು.

ನಮ್ಮ ಸಂಪಾದಕರ ಕಸುಬಿನವರಿಗೆ ಜಾಸ್ತಿ ಇಷ್ಟವಾಗುವ ಸಂಗತಿ ಬೇರೆ. ಕಾರ್ಲೊ ಕೊಲೊಡಿ 1881ರಲ್ಲಿ ಇದನ್ನು ಇಟಲಿಯ ಒಂದು ಮಕ್ಕಳ ಪತ್ರಿಕೆಗೆ ಕಂತುಗಳಲ್ಲಿ ಬರೆದರು. 15ನೇ ಅಧ್ಯಾಯದಲ್ಲಿ ಕಳ್ಳರು ಪಿನೋಕಿಯೊನನ್ನು ಓಕ್ ಮರಕ್ಕೆ ನೇಣು ಹಾಕುತ್ತಾರೆ. ಅಲ್ಲಿಗೆ ಕಥೆ ಮುಗಿಸಿದ್ದರು. ಓದುತ್ತಿದ್ದ ಮಕ್ಕಳು ಬಿಡಲಿಲ್ಲ, ಪತ್ರಿಕೆಯವರೂ ಬಿಡಲಿಲ್ಲ. ಕೆಲವು ತಿಂಗಳ ನಂತರ ಕಥೆ ಮತ್ತೆ ಶುರುವಾಯಿತು, 1883ರಲ್ಲಿ ಪುಸ್ತಕವಾಯಿತು. ನಿಮ್ಮಂಥವರ ಪತ್ರಗಳನ್ನು ನಾನು ಸುಮ್ನೆ ಎತ್ತಿಡುವುದಿಲ್ಲ, ಗೊತ್ತಾಯಿತಲ್ಲ?

ನಿಮ್ಮ ಭಯ ಅರ್ಧ ನಿಜ. ಆ ತೆಳ್ಳನೆಯ ಪುಸ್ತಕ ನನಗೆ ವಾಪಸ್ ಸಿಗಲಿಲ್ಲ. ಆಗ ಗೆಪೆಟ್ಟೊ ಕಣ್ಣಿಗೇ ಬೀಳುತ್ತಿರಲಿಲ್ಲ, ಬರೀ ಮುದುಕ. ಈಗ ಅವನು ಹಿಮ ಬೀಳುವಾಗ ಕೋಟು ಮಾರಿ ಮಗನಿಗೆ ಅಕ್ಷರದ ಪುಸ್ತಕ ತಂದು, ‘ಕೋಟು ಹಾಕಿದ್ರೆ ಸೆಕೆ ಆಗ್ತಿತ್ತು’ ಅನ್ನುವ ಕಡೆ ಮುಂದೆ ಹೋಗಲಾಗಲಿಲ್ಲ. ಮೂಗು ಬೆಳೆಯದ ಸುಳ್ಳು ಅದೊಂದೇ ಇರಬೇಕು. ಹುಡುಗ ಆ ಪುಸ್ತಕವನ್ನೂ ಮಾರಿ ಬೊಂಬೆಯಾಟ ನೋಡಲು ಹೋಗುತ್ತಾನೆ. ಆಗ ನಾನು ಪೂರ್ತಿ ಹುಡುಗನ ಪಕ್ಷದಲ್ಲೇ ಇರುತ್ತಿದ್ದೆ, ಖಂಡಿತ.

ಇನ್ನೊಂದು ತಪ್ಪೊಪ್ಪಿಗೆ. ಪ್ರೂಫ್ ತಿದ್ದುವ ಚಟ ಮನೆಯಲ್ಲೂ ಬಿಡುವುದಿಲ್ಲ. ಒತ್ತಕ್ಷರ ತಪ್ಪಿದ್ದರೆ ಕೈ ತಾನಾಗೇ ಪೆನ್ಸಿಲ್ ಹುಡುಕುತ್ತದೆ. ಚಿಕ್ಕಂದಿನ ಪೆನ್ಸಿಲ್ಲೇ ವಾಸಿ.

ದಿನಕ್ಕೆ ಒಂದೇ ಅಧ್ಯಾಯ ಅಂತ ನಿಯಮ ಮಾಡಿಕೊಂಡಿದ್ದೇನೆ. ಮೊನ್ನೆ ರಾತ್ರಿ 15 ಮುಗಿಸಿ, ಕೊಲೊಡಿ ನಿಲ್ಲಿಸಿದ ಜಾಗದಲ್ಲೇ ನಿಲ್ಲಿಸಿ ದೀಪ ಆರಿಸಿದೆ. ನಿದ್ದೆ ಬರಲಿಲ್ಲ. ಮುಂದೇನು ಅಂತ ಗೊತ್ತಿದ್ದರೂ ಎದ್ದು 16ನ್ನೂ ಓದಿದೆ.

– ಸಂ.