ಎಂಎಸ್‌ಡಬ್ಲ್ಯೂ ಸೇರಲೋ, ಸಾಮಾಜಿಕ ನೀತಿಯಲ್ಲಿ ಎಂಎ ಮಾಡಲೋ? ವೃದ್ಧಾಪ್ಯ ವೇತನದ ಮೇಲೆ ಪ್ರಬಂಧ ಬರೆಯುವ ಆಸೆಯಿದೆ

ಒಂದು ಕಾಲಕ್ಕೆ ಇದು ನನ್ನದೂ ಪ್ರಶ್ನೆಯಾಗಿತ್ತು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎಂದರೆ ಜನರ ನಡುವೆ ಕೆಲಸ, ನೀತಿ ಎಂದರೆ ಮೇಲಿನಿಂದ ಬದಲಾವಣೆ ಎಂದು ನೀವು ಬರೆದಿದ್ದೀರಿ. ಆ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಕೋರ್ಸುಗಳಲ್ಲಿ ಕೊನೆಗೆ ಒಂದು ಪ್ರಬಂಧ ಬರೆಯಬೇಕು. ಅದಕ್ಕಾಗಿ ಯಾರ ಮನೆ ಬಾಗಿಲು ತಟ್ಟುತ್ತೀರಿ ಎನ್ನುವುದರ ಮೇಲೆ ನಿಮ್ಮ ಎರಡು ವರ್ಷದ ಓದು ನಿಂತಿರುತ್ತದೆ. ಅಲ್ಲಿ ಆಗುವ ಒಂದು ತಪ್ಪಿನ ಬಗ್ಗೆಯೇ ಹೆಚ್ಚು ಬರೆಯುತ್ತೇನೆ, ಏಕೆಂದರೆ ಪಿಂಚಣಿ ವಿಷಯ ಹಿಡಿದವರು ಬಹುಪಾಲು ಅಲ್ಲೇ ಎಡವುತ್ತಾರೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಗೈಡ್ ವಿಷಯ ಒಪ್ಪುತ್ತಾರೆ. ವಿದ್ಯಾರ್ಥಿ ಕಾಲೇಜಿನ ಪತ್ರ ಹಿಡಿದು ನಾಡಕಚೇರಿಗೋ ಪಂಚಾಯಿತಿಗೋ ಹೋಗಿ ಫಲಾನುಭವಿಗಳ ಪಟ್ಟಿ ಕೇಳುತ್ತಾನೆ. ಪಟ್ಟಿ ಕೈಗೆ ಬಂದರೆ ಅರ್ಧ ಕೆಲಸ ಮುಗಿದಂತೆ ಅನಿಸುತ್ತದೆ. ಅದರಿಂದ ಐವತ್ತು ಹೆಸರು ಆರಿಸಿ, ಮನೆ ಹುಡುಕಿ, ಪ್ರಶ್ನಾವಳಿ ತುಂಬಿಸುತ್ತಾನೆ. ‘ಹಣ ಸರಿಯಾಗಿ ಬರುತ್ತದೆಯೇ?’ ಎಂದರೆ ನಲವತ್ತಾರು ಜನ ಹೌದು ಎನ್ನುತ್ತಾರೆ. ‘ಶೇ. 92ರಷ್ಟು ಮಂದಿಗೆ ಯೋಜನೆ ತಲುಪಿದೆ’ ಎಂಬ ತೀರ್ಮಾನ ಪ್ರಬಂಧದಲ್ಲಿ ಅಚ್ಚಾಗುತ್ತದೆ.

ಅದು ಸುಳ್ಳು ತೀರ್ಮಾನ. ಬಸ್ಸಿನೊಳಗೆ ಕೂತವರನ್ನು ‘ನಿಮ್ಮೂರಲ್ಲಿ ಬಸ್ ನಿಲ್ಲಿಸುತ್ತಾರಾ?’ ಎಂದು ಕೇಳಿದ ಹಾಗೆ. ಆ ಊರಿನಲ್ಲಿ ನಿಜಕ್ಕೂ ಅರ್ಹರು ನೂರು ಜನ, ಪಟ್ಟಿಯಲ್ಲಿರುವವರು ಅರವತ್ತು ಎಂದುಕೊಳ್ಳಿ. ಅರವತ್ತರಲ್ಲಿ ಶೇ. 92 ಎಂದರೆ ಐವತ್ತೈದು ಜನ. ಅಂದರೆ ಯೋಜನೆ ತಲುಪಿದ್ದು ನೂರಕ್ಕೆ ಐವತ್ತೈದು ಮಂದಿಗೆ. ಉಳಿದವರಲ್ಲಿ ನಲವತ್ತು ಜನ ಪ್ರಬಂಧದ ಯಾವ ಪುಟದಲ್ಲೂ ಇಲ್ಲ, ಏಕೆಂದರೆ ಅವರು ಪಟ್ಟಿಯಲ್ಲೇ ಇರಲಿಲ್ಲ. ಇಲ್ಲಿ ಅಂಕಿಅಂಶದ ಲೆಕ್ಕಾಚಾರ ಸರಿಯಾಗಿಯೇ ಇದೆ. ತಪ್ಪಿರುವುದು ಭಾಗಿಸುವ ಸಂಖ್ಯೆಯಲ್ಲಿ. ಕಲ್ಯಾಣ ಯೋಜನೆಯಲ್ಲಿ ನ್ಯಾಯದ ಪ್ರಶ್ನೆ ಹುಟ್ಟುವುದೇ ಹೊರಗುಳಿದವರಿಂದ. ಇಲಾಖೆಯ ಪಟ್ಟಿ ಹಿಡಿದು ಹೊರಟರೆ ಆ ಪ್ರಶ್ನೆ ಕೇಳುವ ಮೊದಲೇ ಸತ್ತಿರುತ್ತದೆ.

ಇನ್ನೂ ಒಂದು ಪೆಟ್ಟಿದೆ. ಪಟ್ಟಿಯಲ್ಲಿದ್ದೂ ಭೇಟಿಗೆ ಸಿಗದವರಲ್ಲಿ ಕೆಲವರನ್ನು ವಿದ್ಯಾರ್ಥಿ ‘ಮನೆಯಲ್ಲಿ ಇರಲಿಲ್ಲ’ ಎಂದು ಬಿಟ್ಟು ಮುಂದಿನ ಹೆಸರಿಗೆ ಹೋಗುತ್ತಾನೆ. ಮಗಳ ಮನೆ ಸೇರಿದವರು, ಆಸ್ಪತ್ರೆಯಲ್ಲಿರುವವರು, ಕೂಲಿಗೆ ಹೋಗಿರುವವರು ಹೀಗೆ ಬಿಟ್ಟುಹೋಗುತ್ತಾರೆ. ಹಣ ನಿಂತಿರುವ ಸಾಧ್ಯತೆ ಹೆಚ್ಚಿರುವುದು ಇಂಥವರದೇ. ಒಂದೇ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗದೆ ಯಾರ ಹೆಸರನ್ನೂ ಬದಲಿಸಬೇಡಿ.

ಹಾಗಾದರೆ ಪಟ್ಟಿ ಎಲ್ಲಿಂದ ತರಬೇಕು? ಮತದಾರರ ಪಟ್ಟಿಯಿಂದ. ಮತಗಟ್ಟೆವಾರು ಭಾಗಗಳು ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತವೆ, ಪ್ರತಿ ಹೆಸರಿನ ಮುಂದೆ ವಯಸ್ಸೂ ಮನೆ ಸಂಖ್ಯೆಯೂ ಇರುತ್ತದೆ. ಒಂದು ಭಾಗ ತೆಗೆದುಕೊಂಡು 55 ದಾಟಿದವರನ್ನೆಲ್ಲ ಬೇರೆ ಬರೆದುಕೊಳ್ಳಿ. ವೇತನ ಶುರುವಾಗುವ 60 ಎನ್ನದೆ 55 ಎನ್ನುವುದಕ್ಕೆ ಕಾರಣವಿದೆ: ಮತದಾರರ ಚೀಟಿಯಲ್ಲಿ ಒಂದು ವಯಸ್ಸು, ಆಧಾರ್‌ನಲ್ಲಿ ಇನ್ನೊಂದು ಇರುವುದು ಹಳ್ಳಿಗಳಲ್ಲಿ ಮಾಮೂಲು. ಅರ್ಜಿ ತಿರಸ್ಕಾರವಾಗುವುದಕ್ಕೆ ಆ ವ್ಯತ್ಯಾಸವೇ ಸಾಕು. ಅದನ್ನು ದೋಷವೆಂದು ಅಳಿಸಬೇಡಿ, ಮಾಹಿತಿಯಾಗಿ ದಾಖಲಿಸಿ. ಪಟ್ಟಿಯಲ್ಲಿ ಇಲ್ಲದ ವಲಸಿಗರು, ಗುಡಿಸಲು ಹಾಕಿಕೊಂಡವರು ಬಿಟ್ಟುಹೋಗದಂತೆ ಅಂಗನವಾಡಿ ಕಾರ್ಯಕರ್ತೆಯ ಕುಟುಂಬ ಸಮೀಕ್ಷೆಯ ಜೊತೆ ತಾಳೆ ನೋಡಿ. ಆಮೇಲೆ ಒಂದೇ ಪುಟದ ನಮೂನೆ ಹಿಡಿದು ಮನೆಮನೆ ಸುತ್ತಿ: ವಯಸ್ಸಿನ ದಾಖಲೆ ಯಾವುದು, ಪಡಿತರ ಚೀಟಿ ಯಾವುದು, ಅರ್ಜಿ ಹಾಕಿದ್ದರೇ, ಎಲ್ಲಿ ನಿಂತಿತು. ಒಬ್ಬರು ದಿನಕ್ಕೆ ಇಪ್ಪತ್ತೈದು ಮೂವತ್ತು ಮನೆ ಮಾಡಬಹುದು. ಇದಾದ ಮೇಲೆಯೇ ಪಡೆಯುತ್ತಿರುವವರು, ಅರ್ಜಿ ಹಾಕಿಯೂ ಸಿಗದವರು, ಅರ್ಜಿಯನ್ನೇ ಹಾಕದವರು, ಬಂದು ನಿಂತುಹೋದವರು ಎಂದು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಿಂದ ಕೆಲವರನ್ನು ಆರಿಸಿ ವಿವರವಾಗಿ ಮಾತಾಡಿಸಿ.

ಸಂಖ್ಯೆಯ ಬಗ್ಗೆ ಅತಿಯಾಸೆ ಬೇಡ. ನೂರು ಜನರ ಯಾದೃಚ್ಛಿಕ (ಚೀಟಿ ಎತ್ತಿದಂತೆ ಆರಿಸಿದ) ಮಾದರಿಯಲ್ಲಿ ಉತ್ತರ ಸುಮಾರು ಹತ್ತು ಶೇಕಡಾ ಅಂಶ ಆಚೀಚೆ ಆಗಬಹುದು, ಅದನ್ನು ಐದಕ್ಕೆ ಇಳಿಸಲು ನಾನೂರು ಜನ ಬೇಕು. ಒಬ್ಬ ವಿದ್ಯಾರ್ಥಿಗೆ ಒಂದು ಮತಗಟ್ಟೆಯ ಪೂರ್ಣ ಎಣಿಕೆ ಸಾಕು. ಇಡೀ ತಾಲ್ಲೂಕಿನ ಬಗ್ಗೆ ಮಾತಾಡದೆ, ಆ ಊರಿನ ಬಗ್ಗೆ ಖಚಿತವಾಗಿ ಮಾತಾಡಿ.

‘ಹಣ ಬರುತ್ತದೆಯೇ?’ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ‘ಕಳೆದ ಮೂರು ತಿಂಗಳಲ್ಲಿ ಯಾವ ಯಾವ ತಿಂಗಳು ಬಂತು, ಯಾವ ಖಾತೆಗೆ?’ ಎಂದು ಕೇಳಿ, ಅವರು ಒಪ್ಪಿದರೆ ಪಾಸ್‌ಬುಕ್ ನೋಡಿ. ಆಧಾರ್ ಆಧಾರಿತ ಪಾವತಿ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಅಲೆಯುತ್ತಿರುತ್ತಾರೆ, ಹಣ ಸಾಲಕ್ಕೆಂದು ತೆರೆದ ಬೇರೊಂದು ಖಾತೆಯಲ್ಲಿ ಬಿದ್ದಿರುತ್ತದೆ. ಸರ್ಕಾರಿ ದಾಖಲೆಯಲ್ಲಿ ಅದು ‘ಪಾವತಿಯಾಗಿದೆ’. ಇನ್ನೊಂದು ಮಾತು: ಮಗ ಪಕ್ಕದಲ್ಲಿ ಕೂತು ಉತ್ತರ ಕೊಡುತ್ತಿದ್ದರೆ ಅದು ಮಗನ ಉತ್ತರ. ನೀರು ಕೇಳುವ ನೆಪವಾದರೂ ಮಾಡಿ, ಸ್ವಲ್ಪ ಹೊತ್ತು ಅಜ್ಜಿಯ ಜೊತೆಯಲ್ಲೇ ಮಾತಾಡಿ.

ಕಚೇರಿಯ ಅಂಕಿಗಳು ಬೇಡವೆಂದಲ್ಲ, ತಾಳೆಗೆ ಬೇಕು. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಹೆಸರುಗಳನ್ನು ಕೇಳಿದರೆ ಖಾಸಗಿತನದ ಕಾರಣ ಕೊಟ್ಟು ತಿರಸ್ಕರಿಸಬಹುದು, ಆದ್ದರಿಂದ ಸಂಖ್ಯೆ ಕೇಳಿ: ಹೋಬಳಿವಾರು ಬಂದ ಅರ್ಜಿ, ಮಂಜೂರಾದದ್ದು, ತಿರಸ್ಕೃತವಾದದ್ದು, ಸ್ಥಗಿತವಾದದ್ದು, ಪ್ರತಿಯೊಂದಕ್ಕೂ ಕಾರಣ. ಉತ್ತರ ಬಾರದಿದ್ದರೆ ಮೇಲ್ಮನವಿಗೂ ಸಮಯ ಬೇಕು, ಹಾಗಾಗಿ ಮೂರನೇ ಸೆಮಿಸ್ಟರಿನ ಆರಂಭದಲ್ಲೇ ಹಾಕಿ.

ಇನ್ನು ‘ನೀತಿ’ ಎಂಬ ಭಾಗ. ವೃದ್ಧಾಪ್ಯ ವೇತನವನ್ನು ಒಳಗೊಂಡ ಕೇಂದ್ರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾದದ್ದು 1995ರ ಆಗಸ್ಟ್ 15ರಂದು. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಅದರ ಮೇಲಿನದ್ದೆಲ್ಲ ರಾಜ್ಯದ ಹೊಣೆ. ಸಂವಿಧಾನದ 41ನೇ ವಿಧಿ ವೃದ್ಧಾಪ್ಯ, ಅನಾರೋಗ್ಯ, ಅಂಗವೈಕಲ್ಯದಲ್ಲಿ ನೆರವಿನ ಮಾತಾಡುತ್ತದೆ, ಆದರೆ 37ನೇ ವಿಧಿಯ ಪ್ರಕಾರ ಅದನ್ನು ನೇರವಾಗಿ ನ್ಯಾಯಾಲಯದಲ್ಲಿ ಕೇಳುವಂತಿಲ್ಲ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಕೊಟ್ಟ ಮಧ್ಯಂತರ ಆದೇಶದಲ್ಲಿ ವೃದ್ಧಾಪ್ಯ ವೇತನವೂ ಸೇರಿತ್ತು. ಸರ್ಕಾರದ ಕೃಪೆ ಹಕ್ಕಾಗಿ ಬದಲಾಗುವ ದಾರಿ ಅದು. ಅಂಗವಿಕಲರ ವೇತನ ನೋಡಿ: ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಶೇ. 40ರಷ್ಟು ಅಂಗವೈಕಲ್ಯವನ್ನು ಮಾನದಂಡವಾಗಿ ಹಿಡಿಯುತ್ತದೆ, ಕೇಂದ್ರದ ಪಿಂಚಣಿಗೆ ಬೇಕಾದದ್ದು ಶೇ. 80. ಈ ಎರಡು ಸಂಖ್ಯೆಗಳ ನಡುವೆ ಸಿಕ್ಕಿಕೊಂಡವರು ನಿಮ್ಮ ಊರಿನಲ್ಲಿ ಎಷ್ಟು ಜನ ಎಂದು ಎಣಿಸಿದರೆ ಅದೇ ಒಂದು ಒಳ್ಳೆಯ ಪ್ರಬಂಧ. ವೃದ್ಧಾಪ್ಯ ವೇತನಕ್ಕಿಂತ ಇದನ್ನೇ ಆರಿಸಿಕೊಳ್ಳಿ ಎನ್ನುವುದು ನನ್ನ ಆಸೆ.

ಪದವಿಯ ಬಗ್ಗೆ ಇಷ್ಟು. ಎಂಎಸ್‌ಡಬ್ಲ್ಯೂನಲ್ಲಿ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ, ಗ್ರಾಮೀಣ ಶಿಬಿರ, ಕೊನೆಗೆ ಬ್ಲಾಕ್ ಪ್ಲೇಸ್‌ಮೆಂಟ್ (ಒಂದು ಸಂಸ್ಥೆಯಲ್ಲಿ ಸತತವಾಗಿ ಮಾಡುವ ಕ್ಷೇತ್ರಕಾರ್ಯ) ಇರುತ್ತದೆ. ಮನೆ ಬಾಗಿಲಲ್ಲಿ ನಿಂತು ಮಾತಾಡುವ ಅಭ್ಯಾಸ ಅಲ್ಲಿ ಆಗುತ್ತದೆ, ಅಂಕಿಅಂಶ ಮತ್ತು ಬಜೆಟ್ ಓದುವುದು ತೆಳುವಾಗಿರುತ್ತದೆ. ನೀತಿಯ ಕೋರ್ಸಿನಲ್ಲಿ ಇದು ತಿರುಗುಮುರುಗು. ಮುಂದೆ ಪಾಠ ಮಾಡುವ ಯೋಚನೆಯಿದ್ದರೆ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಸಮಾಜಕಾರ್ಯ ಪ್ರತ್ಯೇಕ ವಿಷಯವಾಗಿದೆ ಎನ್ನುವುದೂ ನೆನಪಿರಲಿ. ನಿಮ್ಮ ಜಾಗದಲ್ಲಿದ್ದರೆ ನಾನು ಎಂಎಸ್‌ಡಬ್ಲ್ಯೂ ಸೇರಿ, ಸಮುದಾಯ ಅಭಿವೃದ್ಧಿ ವಿಶೇಷ ವಿಷಯ ತೆಗೆದುಕೊಂಡು, ಅಂಕಿಅಂಶವನ್ನು ಹೊರಗೆ ಕಲಿಯುತ್ತಿದ್ದೆ. ಮಾನವ ಸಂಪನ್ಮೂಲವನ್ನು ವಿಶೇಷ ವಿಷಯವಾಗಿ ತೆಗೆದುಕೊಂಡರೆ ಕೆಲಸ ಬೇಗ ಸಿಗುತ್ತದೆ ಎಂದು ಬಹಳ ಜನ ಹೇಳುತ್ತಾರೆ, ನೀವು ಬರೆದ ಉದ್ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ.

ಅರ್ಜಿ ಹಾಕುವ ಮೊದಲು ಆ ವಿಭಾಗದ ಗ್ರಂಥಾಲಯಕ್ಕೆ ಹೋಗಿ ಹಿಂದಿನ ಎರಡು ವರ್ಷದ ಪ್ರಬಂಧಗಳನ್ನು ಕೇಳಿ. ಸಂಶೋಧನಾ ವಿಧಾನದ ಅಧ್ಯಾಯ ತೆರೆದು, ಮಾದರಿ ಎಲ್ಲಿಂದ ಬಂತು ಎಂಬ ಒಂದೇ ಸಾಲು ಹುಡುಕಿ. ಎಲ್ಲದರಲ್ಲೂ ‘ಇಲಾಖೆಯಿಂದ ಪಡೆದ ಫಲಾನುಭವಿಗಳ ಪಟ್ಟಿ’ ಎಂದಿದ್ದರೆ ಬೇರೆ ವಿಭಾಗ ನೋಡಿ. ಒಂದೆರಡರಲ್ಲಾದರೂ ಮನೆಮನೆ ಎಣಿಕೆ ಮಾಡಿದ್ದರೆ, ಆ ಪ್ರಬಂಧಕ್ಕೆ ಗೈಡ್ ಆಗಿದ್ದವರ ಹೆಸರು ಬರೆದುಕೊಂಡು ಹೋಗಿ ಮಾತಾಡಿಸಿ.